ಷರಾ

ಸನ್ಮಾನದ ಸಂಜೆ, ಮಾಟುಂಗದ ಸಭಾಂಗಣ.
ಶಾಲು ಕತ್ತಿಗೆ ಚುಚ್ಚುತ್ತಿದೆ, ಹಣ್ಣಿನ ಬುಟ್ಟಿಯ
ಬಣ್ಣದ ಕಾಗದ ಫ್ಯಾನಿನ ಗಾಳಿಗೆ ಪಿಸುಗುಡುತ್ತಿದೆ.
ಹುಡುಗಿಯೊಬ್ಬಳು ಮೈಕು ಹಿಡಿದು ಕೇಳುತ್ತಾಳೆ:
ಸರ್, ಬರೆಯುವುದನ್ನು ಎಲ್ಲಿ ಕಲಿತಿರಿ?

ಫೋರ್ಟಿನ ರಾತ್ರಿಶಾಲೆ ಅನ್ನಬೇಕು. ಅಂದೆ.
ಚಪ್ಪಾಳೆ ಬಿತ್ತು.
ಅಲ್ಲಿ ನಾನು ಕಲಿತದ್ದು
ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು.

ಬರೆಯಲು ಕಲಿತದ್ದು ಮೆಟ್ಟಿಲ ಕೆಳಗೆ.
ಹತ್ತೊಂಬತ್ತು ವರ್ಷ ಮೀಟರ್ ಓದುವವ ನಾನು,
ಖಾಕಿ ಚೀಲ, ಟಾರ್ಚು, ಉದ್ದನೆಯ ಪುಸ್ತಕ,
ಪರೇಲಿನಿಂದ ಚಿಂಚ್‌ಪೋಕ್ಳಿವರೆಗೆ
ಯಾರ ಮನೆಯಲ್ಲಿ ಎಷ್ಟು ಬೆಳಕು ಖರ್ಚಾಯಿತೆಂದು
ತಿಂಗಳಿಗೊಮ್ಮೆ ಎಣಿಸುವ ಕೆಲಸ.
ಅಂಕಿಗೆ ಐದು ಚೌಕ. ಕೊನೆಗೆ ಎರಡು ಬೆರಳಗಲದ ಖಾನೆ:
ಷರಾ.
ಬರೆದದ್ದು ಮರಾಠಿಯಲ್ಲಿ, ಯೋಚಿಸಿದ್ದು ಕನ್ನಡದಲ್ಲಿ,
ಬೆವರಿದ್ದು ತುಳುವಿನಲ್ಲಿ.
ಬಾಗಿಲು ಹಾಕಿದೆ. ನಾಯಿ ಇದೆ. ಗಾಜು ಒಡೆದಿದೆ.
ಮುದುಕ ತೀರಿಕೊಂಡ, ಫ್ಯಾನು ತಿರುಗುತ್ತಲೇ ಇದೆ.
ಕೊನೆಯದಕ್ಕೆ ಸಾಹೇಬರು ಕರೆದು ಬೈದರು,
ಇದು ಷರಾ ಅಲ್ಲವಯ್ಯಾ, ಕಥೆ.

ತಾವ್ಡೆ ಚಾಳಿನ ಮೀಟರ್ ಕೋಣೆಯಲ್ಲಿ ಒಬ್ಬ ಮಾರುತಿಯಿದ್ದ.
ಗೋಪುರವಿಲ್ಲ, ಗಂಟೆಯಿಲ್ಲ, ಬಾಗಿಲೂ ಇಲ್ಲ.
ಮೂವತ್ತೆರಡು ಮೀಟರುಗಳ ನಡುವೆ
ಮೊಳದುದ್ದದ ಕಲ್ಲು, ಸಿಂಧೂರ ಬಳಿದೂ ಬಳಿದೂ
ಕಣ್ಣು ಮೂಗು ಒಂದಾದದ್ದು.
ಕರೆಂಟು ಹೋದರೆ ಚಾಳಿನವರು ಮೊದಲು ಕೈಮುಗಿದು
ಆಮೇಲೆ ಫ್ಯೂಸು ನೋಡುತ್ತಿದ್ದರು.
ಕೊರಳಿಗೆ ಸುಟ್ಟ ಬಲ್ಬುಗಳ ಮಾಲೆ. ಪರೀಕ್ಷೆಗೆ ಕೂರುವ ಮಕ್ಕಳು
ಹೊಸ ಬಲ್ಬು ತಂದು ಪಾದಕ್ಕೆ ಮುಟ್ಟಿಸಿ ಒಯ್ಯುತ್ತಿದ್ದರು.
ಅವನ ಹೆಸರಿಗೂ ಒಂದು ಮೀಟರು. ಗ್ರಾಹಕ: ಶ್ರೀ ಮಾರುತಿ.
ತಂದೆಯ ಹೆಸರಿನ ಜಾಗದಲ್ಲಿ ಯಾವನೋ ಗುಮಾಸ್ತ
ವಾಯು ಎಂದು ತುಂಬಿಸಿದ್ದ.

ದೇವರ ದೀಪ ಹಗಲೂ ರಾತ್ರಿ ಉರಿಯುತ್ತಿತ್ತು,
ಚಕ್ರ ಮಾತ್ರ ತಿರುಗುತ್ತಿರಲಿಲ್ಲ.
ಎರಡು ವರ್ಷ ಒಂದೇ ಅಂಕಿ, ೦೪೧೧೭.
ಪವಾಡ, ಎಂದರು.
ನನ್ನದು ಪವಾಡದ ಪುಸ್ತಕವಲ್ಲ.
ಟಾರ್ಚು ಹಿಡಿದು ತಂತಿಯ ಬೆನ್ನು ಹತ್ತಿದೆ,
ಸುಣ್ಣದೊಳಗೆ ಹುದುಗಿ, ಹಲ್ಲಿಯ ಮೊಟ್ಟೆ ದಾಟಿ
ಅದು ಸೇರಿದ್ದು ಇಪ್ಪತ್ತೇಳನೆಯ ಮೀಟರಿಗೆ:
ಇಂದುಮತಿ ಘಾಡಿ, ಮೂರನೆಯ ಮಾಳಿಗೆ.

ಖಾನಾವಳಿ ನಡೆಸುತ್ತಿದ್ದ ಹೆಂಗಸು.
ಗೋಡೆಗೆ ಬೋರಲು ಬಿದ್ದ ಹದಿನೆಂಟು ತಟ್ಟೆ,
ಉಣ್ಣಲು ಬರುವವರು ನಾಲ್ವರು.
ನಿಮ್ಮ ಕರೆಂಟು ಕದಿಯುತ್ತಿದ್ದಾರೆ ಬಾಯಿ, ಎಂದೆ.
ಬಂಗುಡೆ ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ.
ಕದ್ದದ್ದಲ್ಲ, ಕೊಟ್ಟದ್ದು.
ಮಿಲ್ಲು ಮುಚ್ಚಿತು, ಮಂಡಳಿ ಚದುರಿತು,
ದೇವರಿಗೆ ನೋಟೀಸು ಬಂತು.
ಸಂಬಳವಿಲ್ಲದವರು ಈ ಮನೆಯಲ್ಲಿ ಇಬ್ಬರಿದ್ದಾರೆ,
ಅವನೊಬ್ಬ ಮೂರನೆಯವನು.
ಬರೆಯಬೇಡ.

ಒಬ್ಬರ ಬೆಳಕನ್ನು ಇನ್ನೊಬ್ಬರಿಗೆ ಕೊಡುವುದು
ಕಂಪನಿಯ ಕಾನೂನಿನಲ್ಲಿ ಅಪರಾಧ.
ಖಾನೆಯ ಮೇಲೆ ಪೆನ್ಸಿಲ್ ಊರಿ ನಿಂತೆ, ಬೆವರಿದೆ.
ಆಮೇಲೆ, ಬಾಗಿಲೇ ಇಲ್ಲದ ದೇವರಿಗೆ, ಬರೆದೆ:
ಬಾಗಿಲು ಹಾಕಿದೆ.

ಸುಳ್ಳೊಂದನ್ನು ಹುಟ್ಟಿಸಿದರೆ ಸಾಕಬೇಕು.
ಬಾಗಿಲಿಗೊಂದು ಬೀಗ, ಬೀಗಕ್ಕೊಬ್ಬ ಪೂಜಾರಿ,
ಪೂಜಾರಿಗೆ ದೇವಗಡದಾಚೆ ಒಂದು ಊರು,
ಊರಿಗೆ ಹೋದದ್ದಕ್ಕೆ ತಿಂಗಳಿಗೊಂದು ಕಾರಣ.
ಬರಬರುತ್ತ ಸಾಹೇಬರೇ ಕೇಳತೊಡಗಿದರು,
ಏನಯ್ಯಾ, ಆ ಪೂಜಾರಿಯ ಹೆಂಡತಿ ಹೆತ್ತಳೇ?

ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ.
ಹೋದ ಮಂಗಳವಾರ ಆ ಕಡೆ ಹೋಗಿದ್ದೆ.
ಚಾಳಿದ್ದಲ್ಲಿ ನಲವತ್ತೆರಡು ಮಾಳಿಗೆ.
ಇಪ್ಪತ್ತೇಳನೆಯ ಖೋಲಿಯವರನ್ನು ಯಾರೂ ಅರಿಯರು.
ಮಾರುತಿ ನೆಲಮಾಳಿಗೆಯ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿದ್ದಾನಂತೆ,
ಕಬ್ಬಿಣದ ಬಾಗಿಲು, ದ್ವಾರಪಾಲಕನಾಗಿ ತಲೆಬುರುಡೆಯ ಫಲಕ,
ಬೀಗ.
ಬೀಗದ ಕೈ ಯಾರ ಹತ್ತಿರ, ಕೇಳಿದೆ.
ಪೂಜಾರಿ ಊರಿಗೆ ಹೋಗಿದ್ದಾನೆ ಎಂದ ಕಾವಲಿನ ಹುಡುಗ,
ಹೆಂಡತಿಗೆ ಹೆರಿಗೆಯಂತೆ.

ಚೀಲದಲ್ಲಿದ್ದ ಬಲ್ಬನ್ನು ಅವನ ಕೈಗಿಟ್ಟೆ.
ತಿರುಗಿಸಿ ತಿರುಗಿಸಿ ನೋಡಿ,
ಎಷ್ಟು ವ್ಯಾಟು, ಎಂದ.